ಹಗೇವು, ಕಣಜ ಮತ್ತು ಧಾತು ಈಶ್ವರದ ಬರ

ಭಾರತ ಸರ್ಕಾರವು 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದ ಸುದ್ದಿ ಅಮೆರಿಕವನ್ನು ತಲುಪಿದ ಒಂದೆರಡು ದಿನಗಳಲ್ಲೇ ಇಲ್ಲಿನ ಭಾರತೀಯ ದಿನಸಿ ಅಂಗಡಿಗಳಲ್ಲಿ ನೂಕುನುಗ್ಗಲಾಯಿತು. ಸೋನಾ ಮಸೂರಿಯ ಚೀಲಗಳು ಮಾಯವಾದವು; ಉಳಿದವುಗಳ ಬೆಲೆ ಏರಿತು; ಒಂದು ಕುಟುಂಬಕ್ಕೆ ಒಂದೇ ಚೀಲವೆಂಬ ಫಲಕಗಳು ತೂಗಾಡಿದವು. 2024ರ ಸೆಪ್ಟೆಂಬರಿನಲ್ಲಿ ಆ ನಿಷೇಧ ತೆರವಾಯಿತು. ಯಾರೂ ಉಪವಾಸವಿರಲಿಲ್ಲ, ನಿಜ. ಆದರೂ ಸುಶಿಕ್ಷಿತರೂ ಅನುಕೂಲಸ್ಥರೂ ಆದ ನಮ್ಮಂಥವರಲ್ಲಿ ಆ ಒಂದು ವಾರ ಕಾಣಿಸಿಕೊಂಡ ತಳಮಳಕ್ಕೆ ಹಳೆಯ ಬೇರುಗಳಿವೆಯೆಂದು ನನಗನ್ನಿಸುತ್ತದೆ. ಮಳೆಯನ್ನೇ ನಂಬಿದ ನಾಡಿನಿಂದ ಬಂದವರು ನಾವು. ಆ ನಾಡು ಕೊರತೆಯ ದಿನಗಳಿಗೆ ಹೇಗೆ ಸಿದ್ಧವಾಗುತ್ತಿತ್ತು, ಆ ಸಿದ್ಧತೆ ಎಲ್ಲಿಯವರೆಗೆ ಕಾಪಾಡಿತು, ಎಲ್ಲಿ ಕೈಬಿಟ್ಟಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಧಾನ್ಯ ಕೂಡಿಡುವ ತಾಣಗಳಿಗೆ ಕನ್ನಡದಲ್ಲಿರುವ ಹೆಸರುಗಳೇ ಈ ಚರಿತ್ರೆಯ ಮೊದಲ ದಾಖಲೆಗಳು. ಬಯಲುಸೀಮೆಯಲ್ಲಿ ನೆಲದೊಳಗಿನ ಹಗೇವು, ಮನೆಯೊಳಗಿನ ಕಣಜ ಮತ್ತು ವಾಡೆ, ಅಡುಗೆಮನೆಯ ಮೂಲೆಯ ಗುಡಾಣ. ಮಲೆನಾಡಿನಲ್ಲಿ ಮರದ ಹಲಗೆಗಳ ಪಣತ. ಕರಾವಳಿಯಲ್ಲಿ ಒಣಹುಲ್ಲಿನಿಂದ ಸುತ್ತಿ ಹುಲ್ಲಿನ ಹಗ್ಗದಿಂದ ಬಿಗಿದ ಅಕ್ಕಿಯ ಮುಡಿ. ಬೆಳೆ, ಹವೆ, ಮಣ್ಣು ಬದಲಾದಂತೆ ದಾಸ್ತಾನಿನ ರೀತಿಯೂ ಬದಲಾಗುತ್ತಿತ್ತು. ತೇವಭರಿತ ಕರಾವಳಿಯಲ್ಲಿ ನೆಲ ಅಗೆದು ಭತ್ತ ತುಂಬಿದರೆ ಕೊಳೆಯುವುದೇ ಸರಿ. ಕಡಿಮೆ ಮಳೆಯ ಗಟ್ಟಿ ನೆಲದಲ್ಲಿ ಅದೇ ಗುಂಡಿ ಅತ್ಯಂತ ಸುರಕ್ಷಿತ ಉಗ್ರಾಣ.

ಹಗೇವಿನ ವಿವರ ಗಮನಾರ್ಹವಾದುದು. ನೀರು ಜಿನುಗದ ಎತ್ತರದ ಜಾಗದಲ್ಲಿ, ಬಾಯಿ ಕಿರಿದಾಗಿ ಒಡಲು ಹಿರಿದಾಗಿರುವಂತೆ ಹೂಜಿಯಾಕಾರದ ಗುಂಡಿ ತೋಡುತ್ತಿದ್ದರು. ಒಳಗೋಡೆಗೆ ಮಣ್ಣು ಸಗಣಿ ಮೆತ್ತಿ, ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮೇಲೆ ಮಣ್ಣು ಮುಚ್ಚುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ ರಾಗಿಯ ಈ ಗುಂಡಿಗಳನ್ನು ಪ್ರಸ್ತಾಪಿಸಿದ್ದಾನೆ. ರಾಗಿಯ ಕಾಳು ಬಲು ಸಣ್ಣದು, ಹುಳು ಸುಲಭವಾಗಿ ಹಿಡಿಯದು. ಮುಚ್ಚಿದ ಹಗೇವಿನಲ್ಲಿ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು.

ತುಮಕೂರು ಜಿಲ್ಲೆಯ ನನ್ನ ಪೂರ್ವಿಕರ ಊರಿನಲ್ಲಿ, ಕಣದ ಪಕ್ಕದಲ್ಲಿ ಹಗೇವು ತೆಗೆಯುವುದನ್ನು ಬಾಲ್ಯದಲ್ಲಿ ನಾನು ಕಂಡಿದ್ದೇನೆ. ಚಪ್ಪಡಿ ಸರಿಸಿದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಕೆಲವು ಗಂಟೆ ಬಾಯಿ ತೆರೆದಿಟ್ಟು, ಬಳಿಕ ಹಗ್ಗಕ್ಕೆ ಕಟ್ಟಿದ ಲಾಂದ್ರವನ್ನು ಒಳಗೆ ಬಿಡುತ್ತಿದ್ದರು. "ಮೊದಲು ದೀಪ ಇಳೀಲಿ, ಆಮೇಲೆ ಆಳು ಇಳೀಲಿ" ಎಂಬುದು ನಮ್ಮ ಅಜ್ಜನ ಕಟ್ಟಪ್ಪಣೆ. ದೀಪ ನಂದಿದರೆ ಅಂದು ಕೆಲಸವಿಲ್ಲ. ಮುಚ್ಚಿದ ಗುಂಡಿಯಲ್ಲಿ ಧಾನ್ಯವೂ ಅದರೊಳಗಿನ ಹುಳುಗಳೂ ಉಸಿರಾಡಿ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈ ಆಕ್ಸೈಡನ್ನು ತುಂಬುತ್ತವೆ. ಹುಳುಗಳು ಸಾಯುತ್ತವೆ, ಕಾಳು ಉಳಿಯುತ್ತದೆ, ಅವಸರಪಟ್ಟು ಇಳಿದ ಮನುಷ್ಯನೂ ಸಾಯುತ್ತಾನೆ. ಈ ರಸಾಯನಶಾಸ್ತ್ರವನ್ನು ನಾನು ಕಾಲೇಜಿನಲ್ಲಿ ಕಲಿತೆ; ಅಜ್ಜ ಅದನ್ನು ದೀಪದ ಕುಡಿಯಲ್ಲೇ ಓದುತ್ತಿದ್ದರು.

ಹಗೇವು ಗಂಡಸರ ಉಸ್ತುವಾರಿಯಾದರೆ, ಮನೆಯೊಳಗಿನ ದಾಸ್ತಾನು ಹೆಂಗಸರದು. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಅವರೆಗೆ ಬೂದಿ ಬೆರೆಸುವುದು, ಬೇಳೆಗೆ ಹರಳೆಣ್ಣೆ ಸವರುವುದು, ಧಾನ್ಯದ ನಡುವೆ ಬೇವಿನ ಸೊಪ್ಪು ಇಡುವುದು, ತರಕಾರಿಯ ಬೀಜವನ್ನು ಒಣಗಿದ ಸೋರೆಬುರುಡೆಯಲ್ಲಿ ತೂಗುಹಾಕುವುದು, ಇವೆಲ್ಲ ಅವರ ವಿದ್ಯೆ. ಬೇಸಿಗೆಯ ಬಿಸಿಲು ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಯಾಗಿ ಮಳೆಗಾಲಕ್ಕೆ ಒದಗುತ್ತಿತ್ತು. ಹೊರಗೆ ಕಾಲಿಡಲಾಗದಷ್ಟು ಮಳೆ ಸುರಿಯುವ ಕರಾವಳಿಯಲ್ಲಿ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯೇ ತರಕಾರಿ. ಒಲೆ ಹಚ್ಚಲಾಗದ ದಿನಕ್ಕೆಂದು ರಾಗಿಯ ಹುರಿಹಿಟ್ಟಿತ್ತು. ಮಜ್ಜಿಗೆಯಲ್ಲಿಯೋ ಬೆಲ್ಲದ ನೀರಿನಲ್ಲಿಯೋ ಕಲಸಿದರೆ ಊಟವಾಯಿತು.

ಇಲ್ಲಿ ಒಂದು ಅಂಶವನ್ನು ವಾಚಕರು ಗಮನಿಸಬೇಕು. ನಮ್ಮ ಹಿರಿಯರಿಗೆ ಇದಾವುದೂ ವಿಪತ್ತಿನ ತಯಾರಿಯೆಂದು ತೋರುತ್ತಿರಲಿಲ್ಲ. ಅದು ದೈನಂದಿನ ರುಚಿಯ ಭಾಗವಾಗಿತ್ತು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆಯ ಅಕ್ಕಿಯದು ಉದುರುದುರಾಗಿ ಅರಳುತ್ತದೆ. ಆದ್ದರಿಂದ ಅನುಕೂಲವಿದ್ದ ಮನೆಗಳಲ್ಲಿ ಹಿಂದಿನ ವರ್ಷದ ಅಕ್ಕಿಯನ್ನೇ ಉಣ್ಣುತ್ತಿದ್ದರು. ಹಾಗೆ ಉಣ್ಣಬೇಕಾದರೆ ಒಂದು ವರ್ಷದ ಫಸಲು ಸದಾ ಮನೆಯಲ್ಲಿರಲೇಬೇಕು. ಹಳೆಯದು ಮೊದಲು, ಹೊಸದು ಆಮೇಲೆ ಎಂಬ ನಿಯಮವನ್ನು ಯಾವ ಅಧಿಕಾರಿಯೂ ಹೇರಬೇಕಾಗಿರಲಿಲ್ಲ, ನಾಲಗೆಯೇ ಅದನ್ನು ಕಾಯುತ್ತಿತ್ತು.

ಇಷ್ಟೆಲ್ಲ ಬಲ್ಲ ನಾಡಿನಲ್ಲಿಯೇ 1876-78ರ ಮಹಾಕ್ಷಾಮ ಸಂಭವಿಸಿತು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ಜನ ಅದನ್ನು ಧಾತು ಈಶ್ವರದ ಬರವೆಂದು ಕರೆದರು. 1871ರ ಜನಗಣತಿಯಂತೆ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188. ಹತ್ತು ವರ್ಷಗಳಲ್ಲಿ ಸಹಜವಾಗಿ ಹೆಚ್ಚಬೇಕಾಗಿದ್ದ ಸಂಖ್ಯೆಯನ್ನು ಬಿಟ್ಟರೂ 8,69,224 ಜನರ ಕೊರತೆ. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಹಾಗೂ ಮುಂಬಯಿ ಪ್ರಾಂತದ ಧಾರವಾಡ, ಕಲಾದಗಿ ಜಿಲ್ಲೆಗಳ ಮೃತರು ಈ ಲೆಕ್ಕದಲ್ಲಿಲ್ಲ.

ಹಾಗಾದರೆ ಹಗೇವುಗಳು ಏನಾದವು? ಮೊದಲನೆಯ ಉತ್ತರ ಸರಳವಾದುದು. ಮನೆಯ ದಾಸ್ತಾನು ಒಂದು ಕೆಟ್ಟ ವರ್ಷವನ್ನು ದಾಟಿಸುವ ಸೇತುವೆ. 1875ರಲ್ಲೇ ಮಳೆ ಕಡಿಮೆಯಾಗಿ ಹಳೆಯ ಧಾನ್ಯಕ್ಕೆ ಕೈಹಾಕಬೇಕಾಗಿತ್ತು. 1876ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. 1877ರ ಮುಂಗಾರು ಸೆಪ್ಟೆಂಬರಿನವರೆಗೆ ಕಾಯಿಸಿತು. ಕೊನೆಗೆ ಬಿತ್ತನೆಯ ಬೀಜವೂ ಒಲೆಗೆ ಏರಿದಾಗ, ಮಳೆ ಬಂದರೂ ಬಿತ್ತಲು ಕಾಳಿಲ್ಲದ ಸ್ಥಿತಿ ಉಂಟಾಯಿತು. ಹುಲ್ಲಿನ ಬಣವೆಗಳು ಕರಗಿ ದನಗಳು ಸತ್ತವು. ರೈಲು 1864ರಲ್ಲಿಯೇ ಬೆಂಗಳೂರನ್ನು ತಲುಪಿದ್ದು, ಹೊರಗಿನ ಧಾನ್ಯ ಅಲ್ಲಿಯವರೆಗೇನೋ ಬರುತ್ತಿತ್ತು. ಅಲ್ಲಿಂದ ಮುಂದೆ ಹಳ್ಳಿಗಳಿಗೆ ಸಾಗಿಸಲು ಗಾಡಿಗಳಿದ್ದರೂ ಎತ್ತುಗಳಿರಲಿಲ್ಲ.

ಎರಡನೆಯ ಉತ್ತರ ಆರ್ಥಿಕವಾದುದು. ಕಂದಾಯವನ್ನು ನಗದಾಗಿ ಸಲ್ಲಿಸಬೇಕಾದ ರೈತ ಸುಗ್ಗಿಯಲ್ಲೇ ಧಾನ್ಯ ಮಾರುತ್ತಿದ್ದ. ಉತ್ತರದ ಕಪ್ಪುಮಣ್ಣಿನ ಸೀಮೆಯಲ್ಲಿ ನಡೆದುದಂತೂ ಅಮೆರಿಕದಲ್ಲಿರುವ ನಮಗೆ ವಿಶೇಷವಾಗಿ ತಿಳಿದಿರಬೇಕಾದ ಸಂಗತಿ. ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ 1840ರ ದಶಕದಲ್ಲಿ ಧಾರವಾಡ ಜಿಲ್ಲೆಯಲ್ಲಿ ನೆಲೆಯೂರಿತ್ತು. 1861ರಿಂದ 1865ರವರೆಗೆ ಈ ದೇಶದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಶೈರಿನ ಗಿರಣಿಗಳಿಗೆ ಇಲ್ಲಿನ ಹತ್ತಿ ನಿಂತುಹೋದಾಗ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂದಿತು. ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳಿಗೆ ಹತ್ತಿ ಹಬ್ಬಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಹತ್ತಿಯನ್ನು ಕಣಜದಲ್ಲಿ ತುಂಬಿ ಬರಗಾಲದಲ್ಲಿ ಉಣ್ಣಲಾಗದು. ಅದನ್ನು ಮಾರಿದ ಹಣ ಕೈಯಲ್ಲಿದ್ದರೂ, ಬೆಲೆ ಏರಿದಾಗ ಆ ಹಣ ಕೊಳ್ಳುವ ಜೋಳ ಅಲ್ಪವೇ.

ಮೂರನೆಯ ಉತ್ತರವೇ ಅತ್ಯಂತ ಕಠೋರವಾದುದು. ಹಗೇವು ಎಲ್ಲರಿಗೂ ಇರಲಿಲ್ಲ. ಭೂಮಿಯಿಲ್ಲದ ಕೂಲಿಗಳು, ನೇಕಾರರು, ಕಸುಬುದಾರರು ವರ್ಷದುದ್ದಕ್ಕೂ ಕೊಂಡು ಉಣ್ಣುವವರು ಅಥವಾ ಸುಗ್ಗಿಯ ಕಣದಲ್ಲಿ ಸಿಗುವ ಆಯದಿಂದ ಬದುಕುವವರು. ಬೆಳೆಯಿಲ್ಲದಿದ್ದರೆ ಕಣವಿಲ್ಲ, ಕಣವಿಲ್ಲದಿದ್ದರೆ ಆಯವಿಲ್ಲ. ಬಟ್ಟೆ ಕೊಳ್ಳುವವರಿಲ್ಲದಿದ್ದರೆ ಮಗ್ಗವೂ ನಿಂತಿತು. ಮೊದಲು ಸತ್ತವರಲ್ಲಿ ಹೆಚ್ಚಿನವರು ಇವರೇ. ಮದರಾಸು ಪ್ರಾಂತದಲ್ಲಿ ಹಸಿದ ಜನ ಧಾನ್ಯದ ಅಂಗಡಿಗಳನ್ನು ಲೂಟಿ ಮಾಡಿದ ಪ್ರಕರಣಗಳು ದಾಖಲಾಗಿವೆ. ಸರ್ಕಾರದ ಕೈಯೂ ಬಿಗಿಯಾಗಿತ್ತು. 1877ರ ಆರಂಭದಲ್ಲಿ ಭಾರತ ಸರ್ಕಾರದ ಪರವಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮತ್ತು ಮೇಲೆ ಸ್ವಲ್ಪ ಕಾಸು ಸಾಕೆಂದು ನಿಗದಿಪಡಿಸಿದ. ಮದರಾಸಿನ ನೈರ್ಮಲ್ಯಾಧಿಕಾರಿ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದ. ಕಲ್ಲು ಒಡೆಯುವವನ ಜೀವ ಅಷ್ಟರಲ್ಲಿ ಉಳಿಯದೆಂಬುದು ಅವನ ವಾದ. ಕೂಲಿ ಕೊನೆಗೆ ಏರಿತು, ಆದರೆ ಅಷ್ಟರಲ್ಲಿ ಬಹಳ ಜೀವಗಳು ಹೋಗಿದ್ದವು.

1881ರ ಮಾರ್ಚಿಯಲ್ಲಿ ಚಾಮರಾಜೇಂದ್ರ ಒಡೆಯರಿಗೆ ಸಂಸ್ಥಾನ ಮರಳಿ ದೊರೆತಾಗ ಅದರ ತಲೆಯ ಮೇಲೆ ಕ್ಷಾಮದ 80 ಲಕ್ಷ ರೂಪಾಯಿಗಳ ಸಾಲವಿತ್ತು. ಅದೇ ವರ್ಷದ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಪ್ರಾರಂಭಿಸಿದರು. 1882ರ ವೇಳೆಗೆ ಬೆಂಗಳೂರು ಮೈಸೂರುಗಳ ನಡುವೆ ರೈಲು ಓಡಿತು. 1907ರಲ್ಲಿ ಹಿರಿಯೂರಿನ ಬಳಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಪೂರ್ಣಗೊಂಡಿತು. ಮನೆಯ ಗುಂಡಿಯೊಂದೇ ನಾಡನ್ನು ಕಾಯಲಾರದೆಂಬ ಪಾಠವನ್ನು ಆಳುವವರು ಬಹಳ ದುಬಾರಿ ಬೆಲೆ ತೆತ್ತು ಕಲಿತಿದ್ದರು.

ಈ ಚರಿತ್ರೆಗೂ ನಮ್ಮ ಇಂದಿನ ಜೀವನಕ್ಕೂ ಏನು ಸಂಬಂಧವೆಂದು ಕೇಳಬಹುದು. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ರಾಜ್ಯಗಳಲ್ಲೂ ಕೆನಡಾದ ಒಂಟಾರಿಯೋದಲ್ಲೂ ಸುಮಾರು 5 ಕೋಟಿ ಜನ ಕತ್ತಲೆಯಲ್ಲಿ ಮುಳುಗಿದರು. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ಹಿಮ ಬಿದ್ದು ವಿದ್ಯುತ್ತೂ ನೀರೂ ನಿಂತು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸಂಪತ್ತಿನ ದೇಶದಲ್ಲೂ ಸರಬರಾಜಿನ ಸರಪಳಿಯ ಒಂದು ಕೊಂಡಿ ಕಳಚಿದರೆ ಸಾಕು. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್‌ನಂತೆ ಹಲವು ದಿನಗಳ ನೀರು ಇಟ್ಟುಕೊಳ್ಳಿರೆಂದು ಇಲ್ಲಿನ ಸರ್ಕಾರವೇ ಹೇಳುತ್ತದೆ. ಇದರ ಜೊತೆಗೆ ನಿತ್ಯದ ಔಷಧಿ, ಬ್ಯಾಟರಿ ದೀಪ, ಒಲೆ ಬೇಡದ ಅವಲಕ್ಕಿ ಮತ್ತು ಹುರಿಹಿಟ್ಟು, ಹಿಟ್ಟಿಗಿಂತ ಹೆಚ್ಚು ಕಾಲ ಉಳಿಯುವ ಇಡೀ ರಾಗಿ ಇವಿಷ್ಟಿದ್ದರೆ ಬಾಯಾರಿದಾಗ ಬಾವಿ ತೋಡುವ ಸ್ಥಿತಿ ಬಾರದು. ತಿಂಗಳು ತಿಂಗಳು ಹಳೆಯದನ್ನು ಬಳಸಿ ಹೊಸದನ್ನು ಇಡುತ್ತ ಬಂದರೆ ವ್ಯರ್ಥವಾಗುವುದೂ ಇಲ್ಲ, ಸುದ್ದಿ ಕೇಳಿ ಅಂಗಡಿಗೆ ಓಡುವ ಅಗತ್ಯವೂ ಇಲ್ಲ. ನೆಮ್ಮದಿಯ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟವನು ಇನ್ನೊಬ್ಬರ ಪಾಲನ್ನು ಕಸಿಯುವುದಿಲ್ಲ. ಭೀತಿಯ ದಿನ ಹತ್ತು ಚೀಲ ಹೊರುವವನು ಒಂಬತ್ತು ಮನೆಗಳ ಪಾಲನ್ನು ಹೊರುತ್ತಾನೆ.

ಆದರೆ ಧಾತು ಈಶ್ವರದ ಬರ ಹೇಳುವ ಮಾತು ಇಷ್ಟಕ್ಕೇ ನಿಲ್ಲುವುದಿಲ್ಲ. ತುಂಬಿದ ಹಗೇವಿನ ಪಕ್ಕದಲ್ಲೇ ಹಗೇವಿಲ್ಲದವನ ಗುಡಿಸಲಿತ್ತು ಎಂಬುದನ್ನು ಮರೆತು ನಾವು ಹಿರಿಯರ ಜಾಣ್ಮೆಯನ್ನು ಕೊಂಡಾಡುವುದು ಅರ್ಧಸತ್ಯ. ಇಂದು ನಮ್ಮ ಬಡಾವಣೆಗಳಲ್ಲೂ ಒಂಟಿಯಾಗಿರುವ ವೃದ್ಧರಿದ್ದಾರೆ, ಆಗತಾನೆ ಬಂದಿಳಿದ ವಿದ್ಯಾರ್ಥಿಗಳಿದ್ದಾರೆ, ಮಕ್ಕಳನ್ನು ನೋಡಲು ಬಂದು ಭಾಷೆ ತಿಳಿಯದೆ ಮನೆಯಲ್ಲಿ ಕುಳಿತ ತಂದೆತಾಯಿಗಳಿದ್ದಾರೆ. 2020ರ ಮಹಾಮಾರಿಯ ದಿನಗಳಲ್ಲಿ ಇಂಥವರ ಬಾಗಿಲಿಗೆ ದಿನಸಿ ಮುಟ್ಟಿಸಿದವರು ಈ ಸಮ್ಮೇಳನಕ್ಕೆ ಬಂದಿರುವ ನಮ್ಮ ನಡುವೆಯೇ ಇರುತ್ತಾರೆ. ಪ್ರತಿಯೊಂದು ಕನ್ನಡ ಕೂಟವೂ ತನ್ನ ಊರಿನಲ್ಲಿ ವಿದ್ಯುತ್ತು ಹೋದಾಗ ಯಾರ ಮನೆಗೆ ಮೊದಲು ಹೋಗಿ ನೋಡಬೇಕು, ಯಾರು ಹೋಗಬೇಕು ಎಂಬ ಒಂದು ಪುಟದ ಪಟ್ಟಿಯನ್ನು ಸಿದ್ಧಪಡಿಸಿ, ವರ್ಷಕ್ಕೊಮ್ಮೆ ಯುಗಾದಿಯ ಸಮಯದಲ್ಲಿ ತಿದ್ದಿಕೊಳ್ಳಲಿ ಎಂಬುದು ನನ್ನ ವಿನಂತಿ. ಅದಕ್ಕೆ ಹಣ ಬೇಕಿಲ್ಲ, ಸಭಾಂಗಣ ಬೇಕಿಲ್ಲ. ಹಗೇವಿನ ಚಪ್ಪಡಿಯನ್ನು ಹೊತ್ತಿಗೆ ಸರಿಯಾಗಿ ಸರಿಸುವ ಮನಸ್ಸಿದ್ದರೆ ಸಾಕು.