ಬಸ್ಸು ನಿಲ್ಲದ ಲಿಸ್ಬನ್

ಯುರೋಪಿಗೆ ಗ್ರೂಪ್ ಟೂರ್ ಬುಕ್ ಮಾಡಿದ ಸ್ನೇಹಿತರು ಸಲಹೆ ಕೇಳಿದರೆ ನಾನು ಹೇಳೋದು ಒಂದೇ: ಟೂರ್ ಶುರುವಾಗೋ ಊರಿಗೆ ಒಂದು ದಿನ ಮೊದಲೇ ಹೋಗಿ. ಹೋಟೆಲಿಗೆ ಒಂದು ರಾತ್ರಿಯ ದುಡ್ಡು ಜಾಸ್ತಿಯಾಗುತ್ತೆ, ಆಗಲಿ. ಕೆಟ್ಟ ನಿದ್ದೆ ಸರಿಹೋಗುತ್ತೆ ಅನ್ನೋದು ಸಣ್ಣ ಲಾಭ. ದೊಡ್ಡ ಲಾಭ ಬೇರೆ ಇದೆ. ನಲವತ್ತು ಜನರ ಬಸ್ಸು ಎಲ್ಲಿ ನಿಲ್ಲಬಹುದೋ, ಅಲ್ಲಿನ ಇತಿಹಾಸವನ್ನು ಮಾತ್ರ ಗೈಡ್ ಹೇಳಬಲ್ಲರು. ಅವರಿಗಿರೋದು ಎರಡು ಗಂಟೆ. ಅದರಲ್ಲಿ ಅರ್ಧ ಫೋಟೋ, ಶೌಚಾಲಯ, ತಪ್ಪಿಸಿಕೊಂಡವರನ್ನು ಹುಡುಕೋದಕ್ಕೇ ಹೋಗುತ್ತೆ. ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಬಸ್ಸು ಹೋಗದ ಗಲ್ಲಿಗಳಲ್ಲೂ ಊರಿನ ಚರಿತ್ರೆ ಇರುತ್ತಲ್ಲ, ಅದಕ್ಕೆ ಆ ಒಂದು ದಿನ ಬೇಕು. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನನ್ನೇ ತಗೊಳ್ಳಿ.

ಇಲ್ಲಿ ಟೂರ್ ಬಸ್ಸುಗಳು ತಪ್ಪದೆ ನಿಲ್ಲೋದು ಬೆಲೆಂ ಅನ್ನೋ ನದಿದಂಡೆಯ ಬಡಾವಣೆಯಲ್ಲಿ. 1497ರ ಜುಲೈನಲ್ಲಿ ವಾಸ್ಕೋ ಡ ಗಾಮ ನಮ್ಮ ಕಡೆಗೆ ಹೊರಟಿದ್ದು ಇಲ್ಲಿಂದಲೇ. ಅವನನ್ನು ಕಳಿಸಿದ ದೊರೆ ಒಂದನೇ ಮ್ಯಾನುಯೆಲ್. ಮುಂದೆ ಅದೇ ದೊರೆ ಇಲ್ಲಿ ಕಟ್ಟಿಸಲು ಶುರುಮಾಡಿದ್ದು ಜೆರೋನಿಮೋಸ್ ಮಠ. ಅದರ ಖರ್ಚಿಗೆ ಆಫ್ರಿಕಾ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ಶೇಕಡ 5 ತೆರಿಗೆ ಹಾಕಿದರು. ಮೆಣಸು, ಲವಂಗ, ದಾಲ್ಚಿನ್ನಿಯ ಆದಾಯಕ್ಕೆ ಮಾತ್ರ ಈ ತೆರಿಗೆ ಇರಲಿಲ್ಲ, ಯಾಕಂದರೆ ಅದು ನೇರವಾಗಿ ದೊರೆಯ ಬೊಕ್ಕಸಕ್ಕೇ ಹೋಗುತ್ತಿತ್ತು. ಮಠದೊಳಗೆ ಗಾಮನ ಸಮಾಧಿಯೂ ಇದೆ, ಮ್ಯಾನುಯೆಲ್ ದೊರೆಯ ಸಮಾಧಿಯೂ ಇದೆ.

ರಸ್ತೆ ದಾಟಿದರೆ ನದಿಯಂಚಿನಲ್ಲಿ ‘ಅನ್ವೇಷಣೆಗಳ ಸ್ಮಾರಕ’. ಹಡಗಿನ ಮೂತಿಯ ಆಕಾರ, ಐವತ್ತು ಮೀಟರಿಗೂ ಹೆಚ್ಚು ಎತ್ತರ, ಎರಡೂ ಬದಿಯಲ್ಲಿ ನಾವಿಕರು, ಪಾದ್ರಿಗಳು, ಕವಿಗಳ ಸಾಲು. ನೋಡಿದವರು ಇದೂ ಗಾಮನ ಕಾಲದ್ದೇ ಇರಬೇಕು ಅಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಇದನ್ನು ಮೊದಲು ನಿಲ್ಲಿಸಿದ್ದು 1940ರಲ್ಲಿ, ಸರ್ವಾಧಿಕಾರಿ ಸಲಾಜಾರನ ಸರ್ಕಾರ ನಡೆಸಿದ ಒಂದು ಭಾರೀ ಪ್ರದರ್ಶನಕ್ಕೆ, ಅದೂ ತಾತ್ಕಾಲಿಕವಾಗಿ. ಈಗಿರೋ ಕಾಂಕ್ರೀಟು ಮತ್ತು ಕಲ್ಲಿನ ಸ್ಮಾರಕ 1960ರದ್ದು. ನಮ್ಮ ಕರ್ನಾಟಕದ ಏಕೀಕರಣಕ್ಕಿಂತ ನಾಲ್ಕು ವರ್ಷ ಚಿಕ್ಕದು! ಮರುವರ್ಷವೇ ಆಫ್ರಿಕಾದ ಅಂಗೋಲಾದಲ್ಲಿ ಪೋರ್ಚುಗೀಸರ ವಿರುದ್ಧ ಯುದ್ಧ ಶುರುವಾಯಿತು. ಅದೇ ಡಿಸೆಂಬರಿನಲ್ಲಿ ಭಾರತದ ಸೇನೆ ಗೋವಾಕ್ಕೆ ಕಾಲಿಟ್ಟು 451 ವರ್ಷಗಳ ಆಳ್ವಿಕೆ ಮುಗಿಯಿತು. ಅಂದರೆ ಈ ಸ್ಮಾರಕ ಎದ್ದದ್ದು ಸಾಮ್ರಾಜ್ಯ ಕೈಜಾರೋ ಹೊತ್ತಿಗೆ. ಮಠದ ಮುಂದಿನ ಅಷ್ಟಗಲದ ಚೌಕ ಕೂಡ 1940ರ ಅದೇ ಪ್ರದರ್ಶನಕ್ಕೆ ಮಾಡಿದ್ದು, ಬೆಲೆಂನ ಹಳೇ ಮನೆಗಳಲ್ಲಿ ಎಷ್ಟೋ ಆಗ ನೆಲಸಮವಾದವು. ಇವತ್ತು ಬಸ್ಸುಗಳಿಗೆ ಸಲೀಸಾಗಿರೋ ಜಾಗವನ್ನು ರೂಪಿಸಿದ್ದೇ ಆ ಸರ್ಕಾರ.

ಸರಿ, ಬೆಲೆಂ ಬಸ್ಸಿನ ಪಾಲಿಗಿರಲಿ. ನಿಮ್ಮ ಒಂದು ದಿನವನ್ನು ನಗರದ ನಡುವಿನ ದೊಡ್ಡ ಚೌಕದಿಂದ ಶುರುಮಾಡಿ. ಅದರ ಹೆಸರು ಪ್ರಾಸಾ ದೊ ಕೊಮೆರ್ಸಿಯೊ, ವ್ಯಾಪಾರದ ಚೌಕ. ಊರಿನವರ ಬಾಯಲ್ಲಿ ಅದು ಇವತ್ತಿಗೂ ‘ಅರಮನೆಯ ಅಂಗಳ’, ಆದರೆ ಅಲ್ಲಿ ಅರಮನೆಯೇ ಇಲ್ಲ. 1755ರ ನವೆಂಬರ್ 1ರ ಬೆಳಗ್ಗೆ ಭೂಕಂಪವಾಯಿತು, ಹಿಂದೆಯೇ ಸುನಾಮಿ ಬಂತು, ಆಮೇಲೆ ದಿನಗಟ್ಟಲೆ ಬೆಂಕಿ. ಸತ್ತವರು ಸಾವಿರ ಸಾವಿರ ಜನ. ಅರಮನೆಯೂ ಹೋಯಿತು, ಅದರ ಜೊತೆಗಿದ್ದ ‘ಇಂಡಿಯಾ ಹೌಸ್’ ಕಚೇರಿಯೂ ಹೋಯಿತು. ನಮ್ಮ ಕರಾವಳಿಯ ಮೆಣಸಿನ ಲೆಕ್ಕಪತ್ರ ಇಟ್ಟುಕೊಂಡಿದ್ದ ಕಚೇರಿ ಅದು. ಕೋಟೆಯ ಗೋಪುರದಲ್ಲಿದ್ದ ರಾಜ್ಯದ ದಾಖಲೆಗಳನ್ನು ಉಳಿಸಿದ್ದು ಅದರ ಮೇಲ್ವಿಚಾರಕನಾಗಿದ್ದ ಎಂಜಿನಿಯರ್ ಮ್ಯಾನುಯೆಲ್ ದ ಮಾಯಾ, ಎಂಬತ್ತರ ಹತ್ತಿರದ ಮುದುಕ. ನಗರವನ್ನು ಮತ್ತೆ ಕಟ್ಟೋ ಯೋಜನೆ ಹಾಕಿದವನೂ ಅವನೇ. ಚೌಕದ ಹಿಂದಿನ ನೇರ ಬೀದಿಗಳು ಆ ಯೋಜನೆಯ ಫಲ. ಅಲ್ಲಿನ ಹಳೇ ಕಟ್ಟಡಗಳ ಗೋಡೆಯೊಳಗೆ ಭೂಕಂಪ ತಡೆಯಲೆಂದು ಮರದ ಚೌಕಟ್ಟುಗಳನ್ನು ಹೂತಿದ್ದಾರೆ. ಅದರ ಹೆಸರೇ ‘ಪಂಜರ’.

ಆ ನೇರ ಬೀದಿಗಳಲ್ಲಿ ಹದಿನೈದು ನಿಮಿಷ ನಡೆದರೆ ಸಾವೊ ದೊಮಿಂಗೋಸ್ ಇಗರ್ಜಿ ಸಿಗುತ್ತೆ. ಒಳಗೆ ಕಾಲಿಟ್ಟರೆ ಸುಟ್ಟು ಸೀಳಿದ ಕಂಬಗಳು. ಅದು 1959ರ ಬೆಂಕಿಯ ಗುರುತು, ಮುಚ್ಚದೆ ಹಾಗೇ ಬಿಟ್ಟಿದ್ದಾರೆ. ಆದರೆ ಅದಕ್ಕಿಂತ ಹಳೇ ಗಾಯ ಹೊರಗಿನ ಚೌಕದಲ್ಲಿದೆ. 1497ರಲ್ಲಿ, ಗಾಮ ಹೊರಟ ಅದೇ ವರ್ಷ, ಮ್ಯಾನುಯೆಲ್ ದೊರೆ ತನ್ನ ನಾಡಿನ ಯಹೂದಿಗಳನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿಸಿದ. 1506ರ ಏಪ್ರಿಲ್‌ನಲ್ಲಿ, ಊರಿಗೆ ಪ್ಲೇಗ್ ಬಡಿದಿದ್ದಾಗ, ಈ ಇಗರ್ಜಿಯ ಶಿಲುಬೆಯ ಮೇಲೆ ಬೆಳಕು ಕಂಡು ಜನ ಪವಾಡ ಅಂದರು. ಅದು ಬರೀ ದೀಪದ ಬೆಳಕು ಅಂದ, ಹಾಗೆ ಮತಾಂತರವಾಗಿದ್ದ ಒಬ್ಬ. ಅವನನ್ನು ಅಲ್ಲೇ ಹೊಡೆದು ಕೊಂದರು. ಆಮೇಲೆ ಮೂರು ದಿನ ಅಂಥ ‘ಹೊಸ ಕ್ರೈಸ್ತ’ರನ್ನು ಮನೆಮನೆಯಿಂದ ಎಳೆದು ತಂದರು. ಸಾವಿರಾರು ಜನ ಸತ್ತರು. ಚೌಕದಲ್ಲಿ ದಾವೀದನ ನಕ್ಷತ್ರ ಕೆತ್ತಿದ ಸ್ಮಾರಕದ ಕಲ್ಲು ಬಂದಿದ್ದು 2008ರಲ್ಲಿ. ಐನೂರು ವರ್ಷ ಬೇಕಾಯಿತು.

ಅಲ್ಲಿಂದ ಪಶ್ಚಿಮಕ್ಕೆ, ಏರಿಳಿತದ ದಾರಿಯಲ್ಲಿ ಅರ್ಧ ಗಂಟೆ ನಡೆದರೆ ಒಂದು ಮಾಮೂಲಿ ಬೀದಿ. ಕಾಫಿ ಅಂಗಡಿಗಳು, ಟ್ರಾಮ್ ಹಳಿ. ಹೆಸರು ‘ರುವಾ ದೊ ಪೋಸೊ ದೋಸ್ ನೆಗ್ರೋಸ್’, ಅಂದರೆ ಕರಿಯರ ಗುಂಡಿಯ ಬೀದಿ. ಆಫ್ರಿಕಾದಿಂದ ತಂದ ಗುಲಾಮರು ಸತ್ತರೆ ಹೆಣಗಳನ್ನು ಊರಾಚೆ ಎಲ್ಲೆಂದರಲ್ಲಿ ಎಸೆಯುತ್ತಿದ್ದರು. ಅದಕ್ಕೊಂದು ಆಳವಾದ ಗುಂಡಿ ತೋಡಿ, ಆಗಾಗ ಸುಣ್ಣ ಹಾಕಿ ಅಂತ 1515ರಲ್ಲಿ ನಗರಕ್ಕೆ ಪತ್ರ ಬರೆದವನು ಕೂಡ ಅದೇ ಮ್ಯಾನುಯೆಲ್.

ಈಗ ಲೆಕ್ಕ ಹಾಕಿ ನೋಡಿ. ಗಾಮನನ್ನು ಕಳಿಸಿದವನು, ಮಠ ಕಟ್ಟಿಸಿದವನು, ಮತಾಂತರದ ಆಜ್ಞೆ ಹೊರಡಿಸಿದವನು, ಗುಂಡಿ ತೋಡಿಸಿದವನು ಒಬ್ಬನೇ ದೊರೆ. ಇವು ಎರಡು ಬೇರೆ ಬೇರೆ ಲಿಸ್ಬನ್‌ಗಳ ಕಥೆಯಲ್ಲ. ಒಂದೇ ಆಳ್ವಿಕೆಯ ಅರ್ಧ ಬಸ್ ನಿಲ್ದಾಣದಲ್ಲಿದೆ, ಇನ್ನರ್ಧ ನಡೆದುಹೋಗೋ ದಾರಿಯಲ್ಲಿದೆ. ಅದರಲ್ಲಿ ನಮಗೂ ಪಾಲಿದೆ. 1502ರಲ್ಲಿ ಅದೇ ದೊರೆಯ ಪರವಾಗಿ ಗಾಮ ಎರಡನೇ ಸಲ ಬಂದಾಗ, ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟ. ಭಟ್ಕಳದ ಅರಸ ಆಗ ಅಕ್ಕಿಯನ್ನು ಕಪ್ಪವಾಗಿ ಕೊಡಲು ಒಪ್ಪಬೇಕಾಯಿತು ಅಂತ ಪೋರ್ಚುಗೀಸರ ವೃತ್ತಾಂತವೇ ಹೇಳುತ್ತೆ.

ಇಷ್ಟೆಲ್ಲ ನೋಡಿದ ಮೇಲೂ ಮಾರನೇ ದಿನ ಗ್ರೂಪಿನ ಜೊತೆ ಬಸ್ ಹತ್ತಿ, ಖುಷಿಯಾಗಿಯೇ ಹತ್ತಿ. ಜೆರೋನಿಮೋಸ್‌ನ ಕಲ್ಲಿನ ಕೆತ್ತನೆ ನಿಜಕ್ಕೂ ಚೆಂದ, ಅದನ್ನು ತಪ್ಪಿಸಿಕೊಳ್ಳಬೇಡಿ. ನದಿಯಂಚಿಗೆ ಬಂದಾಗ ಗೈಡನ್ನು ಒಂದೇ ಪ್ರಶ್ನೆ ಕೇಳಿ: ಈ ಸ್ಮಾರಕ ಕಟ್ಟಿದ್ದು ಯಾವ ವರ್ಷ? ಒಳ್ಳೆ ಗೈಡ್ ಆಗಿದ್ದರೆ ಅಲ್ಲಿಂದ ಮುಂದೆ ಅವರು ಬೇರೆಯೇ ಕಥೆ ಶುರುಮಾಡುತ್ತಾರೆ.