ಹೊಲಕ್ಕೆ ಬಿಡುವು, ಹೊಲಿಗೆಗೆ ಕೂಟ

ಶುಕ್ರವಾರ ಸಂಜೆ ಊರು ಬಿಟ್ಟು, ಕಾಡಿನ ಅಂಚಿನಲ್ಲೋ ಸರೋವರದ ದಡದಲ್ಲೋ ಬಾಡಿಗೆಗೆ ಹಿಡಿದ ಮನೆಯೊಂದರಲ್ಲಿ ಎಂಟು ಹತ್ತು ಜನ ಗೆಳತಿಯರು ಸೇರುತ್ತಾರೆ. ಜೊತೆಗೆ ಹೊಲಿಗೆ ಯಂತ್ರಗಳು, ಬಟ್ಟೆಯ ಗಂಟುಗಳು. ಭಾನುವಾರದವರೆಗೆ ಅಡುಗೆ, ಹರಟೆ, ಹೊಲಿಗೆ. ಅಮೆರಿಕದಲ್ಲಿ ಇದಕ್ಕೆ ಕ್ವಿಲ್ಟಿಂಗ್ ರಿಟ್ರೀಟ್ ಎನ್ನುತ್ತಾರೆ. ಕ್ವಿಲ್ಟ್ ಎಂದರೆ ನಮ್ಮ ಉತ್ತರ ಕರ್ನಾಟಕದ ಕೌದಿಯ ದೂರದ ಸೋದರಿ. ಇಂಥ ಕೂಟಗಳಲ್ಲಿ ಸಹಜವಾಗಿಯೇ ಏಳುವ ಪ್ರಶ್ನೆಯೊಂದಿದೆ. ಇಷ್ಟು ದೂರ ಬಂದ ಮೇಲೆ ಇಡೀ ದಿನ ಯಂತ್ರದ ಮುಂದೆ ತಲೆ ತಗ್ಗಿಸಿ ಕೂರುವುದೋ, ಹೊರಗಿನ ಮರಗಿಡಗಳ ನಡುವೆ ಸುತ್ತಾಡಿ ಬರುವುದೋ?

ಇದು ಉಳ್ಳವರ ಬಿಡುವಿನ ಸಮಸ್ಯೆ ಎನಿಸಬಹುದು. ಆದರೆ ಬಯಲಿಗೂ ಹೊಲಿಗೆಗೂ ಸಮಯ ಹಂಚುವ ಈ ಲೆಕ್ಕಾಚಾರ ಹೊಸದಲ್ಲ. ಹಿಂದೆ ಅದನ್ನು ನಿರ್ಧರಿಸುತ್ತಿದ್ದುದು ಮನಸ್ಸಿನ ಇಷ್ಟವಲ್ಲ. ಮಳೆ, ಚಳಿ, ಬೆಳೆ ಮತ್ತು ಸಾಲ.

ಮೂರು ಪದರಗಳ ಹೊದಿಕೆ

ಕ್ವಿಲ್ಟ್‌ನಲ್ಲಿ ಮೂರು ಪದರಗಳಿರುತ್ತವೆ. ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿದ ಬಟ್ಟೆ, ನಡುವೆ ಹತ್ತಿ ಅಥವಾ ಉಣ್ಣೆಯ ಹಾಸು, ಕೆಳಗೆ ಅಸ್ತರಿ. ಈ ಮೂರನ್ನೂ ಒಟ್ಟಿಗೆ ಹಿಡಿದು ಹೊಲಿಯುವುದೇ ಕ್ವಿಲ್ಟಿಂಗ್. ತುಂಡು ಜೋಡಿಸುವ ಕೆಲಸವನ್ನು ಒಬ್ಬಳೇ ಮಡಿಲಲ್ಲಿಟ್ಟುಕೊಂಡು ಮಾಡಬಹುದು. ಪದರಗಳನ್ನು ಸೇರಿಸಿ ಹೊಲಿಯುವುದು ಹಾಗಲ್ಲ. ಹಾಸಿಗೆಯಗಲದ ಬಟ್ಟೆಯನ್ನು ಮರದ ನಾಲ್ಕು ಪಟ್ಟಿಗಳ ಚೌಕಟ್ಟಿಗೆ ಬಿಗಿಯಬೇಕು. ಸುತ್ತಲೂ ಕೂರಲು ಜಾಗ ಬೇಕು, ಕೈಗಳೂ ಬೇಕು.

ಈ ಕಲೆಯ ಚರಿತ್ರೆಯಲ್ಲಿ ಭಾರತಕ್ಕೂ ಒಂದು ಪಾಲಿದೆ. ಹದಿನೇಳನೆಯ ಶತಮಾನದಲ್ಲಿ ಕೋರಮಂಡಲ ತೀರದಿಂದ ಹೋದ ಬಣ್ಣದ ಹೂಬಳ್ಳಿಯ ಹತ್ತಿ ಬಟ್ಟೆಗೆ ಯೂರೋಪು ಮರುಳಾಗಿತ್ತು. ಅಲ್ಲಿನ ನೇಕಾರರ ಕೂಗಿಗೆ ಮಣಿದು ಫ್ರಾನ್ಸ್ 1686ರಲ್ಲಿ ಅದನ್ನು ನಿಷೇಧಿಸಿತು. ಇಂಗ್ಲೆಂಡ್ 1701 ಮತ್ತು 1721ರಲ್ಲಿ ಕಾಯಿದೆಗಳನ್ನು ತಂದಿತು. ಇಂಗ್ಲೆಂಡಿನ ಲೆವೆನ್ಸ್ ಹಾಲ್ ಎಂಬ ಹಳೆಯ ಬಂಗಲೆಯಲ್ಲಿ 1708ರ ಸುಮಾರಿನ ತುಂಡುಬಟ್ಟೆಯ ಹೊದಿಕೆಯೊಂದಿದೆ. ಆ ದೇಶದಲ್ಲಿ ಉಳಿದಿರುವ ಅತಿ ಹಳೆಯ ತುಂಡು ಜೋಡಣೆಗಳಲ್ಲಿ ಒಂದೆಂದು ಅದನ್ನು ಪರಿಗಣಿಸಲಾಗಿದೆ. ಅದರ ತುಂಡುಗಳು ಭಾರತದ ಬಟ್ಟೆಯವು.

ಅಮೆರಿಕಕ್ಕೆ ಕ್ವಿಲ್ಟ್ ಹೋದದ್ದು ವಲಸಿಗರ ಜೊತೆ. ಬಡ ವಲಸಿಗ ಹೆಂಗಸು ಹರಕು ಬಟ್ಟೆ ಕೂಡಿಸಿ ಹೊಲಿಯುವ ಚಿತ್ರ ಜನಪ್ರಿಯವಾದರೂ ಅದು ಪೂರ್ತಿ ನಿಜವಲ್ಲ. ಬಟ್ಟೆ ದುಬಾರಿಯಾಗಿದ್ದ ಹದಿನೆಂಟನೆಯ ಶತಮಾನದಲ್ಲಿ ಕ್ವಿಲ್ಟ್ ಹೆಚ್ಚಾಗಿ ಅನುಕೂಲಸ್ಥರ ಮನೆಯ ವಸ್ತು. ಅಮೆರಿಕದ ಗಿರಣಿಗಳು ಅಗ್ಗದ ಅಚ್ಚುಬಟ್ಟೆ ತಯಾರಿಸತೊಡಗಿದ ಮೇಲೆ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ, ಅದು ರೈತರ ಮನೆಗಳಿಗೂ ಬಂತು. ಆ ಗಿರಣಿಗಳಿಗೆ ಹತ್ತಿ ಬೆಳೆದು ಕೊಡುತ್ತಿದ್ದವರು ದಕ್ಷಿಣದ ತೋಟಗಳ ಕರಿಯ ಗುಲಾಮರು ಎಂಬುದನ್ನು ಮರೆಯುವಂತಿಲ್ಲ.

ಮುಯ್ಯಾಳಿನ ಹೊಲಿಗೆ

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿಮ್ಮ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀವು. ಅಮೆರಿಕದ ರೈತರಲ್ಲಿ ಇಂಥ ಕೂಟಕ್ಕೆ 'ಬೀ' ಎನ್ನುತ್ತಿದ್ದರು. ಮೆಕ್ಕೆಜೋಳದ ತೆನೆ ಸುಲಿಯಲು ಒಂದು ಬೀ, ಹೊಲಿಗೆಗೆ ಇನ್ನೊಂದು. ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಒಲೆಯ ಪಕ್ಕ ಕುಳಿತು ಹೆಂಗಸರು ತುಂಡುಗಳನ್ನು ಜೋಡಿಸಿಡುತ್ತಿದ್ದರು. ಹಿಮ ಕರಗಿ ದಾರಿ ತೆರೆದು, ದೊಡ್ಡ ಚೌಕಟ್ಟು ಬಿಚ್ಚಲು ಜಾಗವೂ ಬೆಳಕೂ ಸಿಕ್ಕ ಮೇಲೆ ನೆರೆಯವರನ್ನು ಕರೆಯುತ್ತಿದ್ದರು. ಮಧ್ಯಾಹ್ನವೆಲ್ಲ ಹೊಲಿಗೆ, ಸಂಜೆಗೆ ಗಂಡಸರೂ ಬಂದು ಊಟ, ಹಾಡು, ಕುಣಿತ. ಒಂಟಿ ಮನೆಗಳಲ್ಲಿ ತಿಂಗಳುಗಟ್ಟಲೆ ಬೇರೆ ಹೆಣ್ಣಿನ ಮುಖ ನೋಡದೆ ಇರುತ್ತಿದ್ದವರಿಗೆ ಅದೊಂದು ಹಬ್ಬ.

ಹೆಂಗಸರು ಗುಂಪಾಗಿ ಕೂರಲು ಯಾರ ಆಕ್ಷೇಪವೂ ಇಲ್ಲದ ನೆಪವೂ ಅದಾಗಿತ್ತು. ಕೈಯಲ್ಲಿ ಕೆಲಸವಿದ್ದರೆ ಬಾಯಿಗೆ ಬೀಗ ಹಾಕುವವರಿರಲಿಲ್ಲ. ಮಾತು ಮನೆವಾರ್ತೆ ದಾಟಿ ಲೋಕವಾರ್ತೆಗೂ ಹೋಯಿತು. ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಮಹಿಳೆಯರು ಹೊಲಿಗೆಯ ವಸ್ತುಗಳನ್ನು ಮಾರಿ ಚಳವಳಿಗೆ ಹಣ ಕೂಡಿಸಿದರು. 1836ರಲ್ಲಿ ಬಾಸ್ಟನ್ನಿನ ಇಂಥದೊಂದು ಮೇಳದಲ್ಲಿ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ಹೊಲಿದ ತೊಟ್ಟಿಲ ಕ್ವಿಲ್ಟ್ ಮಾರಾಟವಾಯಿತು. ಮಗುವನ್ನು ಕಸಿದುಕೊಂಡಾಗ ಅಳುವ ಗುಲಾಮ ತಾಯಿಯನ್ನು ನೆನೆಯಿರೆಂದು ಹೇಳುವ ಪದ್ಯ ಅದರ ನಡುವಿನಲ್ಲಿತ್ತು.

ನದಿಯ ತಿರುವಿನಲ್ಲಿ

ಬಿಡುವು ಎಂಬ ಪದಕ್ಕೆ ಬಡವರ ಬದುಕಿನಲ್ಲಿ ಎಂಥ ಅರ್ಥವಿತ್ತೆಂದು ತಿಳಿಯಲು ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯನ್ನು ನೋಡಬೇಕು. ಅಲಬಾಮಾ ನದಿ ಈ ಊರನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತದೆ. 1816ರಲ್ಲಿ ಜೋಸೆಫ್ ಜೀ ಎಂಬಾತ ಇಲ್ಲಿ ಹತ್ತಿಯ ತೋಟ ಮಾಡಿದ. 1845ರಲ್ಲಿ ಅದು ಮಾರ್ಕ್ ಪೆಟ್ವೇ ಎಂಬ ಜಮೀನುದಾರನ ಪಾಲಾಯಿತು. ಗುಲಾಮಗಿರಿ ಕೊನೆಗೊಂಡ ಮೇಲೂ ಅಲ್ಲಿನ ಕರಿಯರು ಅದೇ ಹೊಲಗಳಲ್ಲಿ ಗೇಣಿದಾರರಾಗಿ ಉಳಿದರು. ಯಜಮಾನನ ಅಡ್ಡಹೆಸರೇ ಅವರ ಹೆಸರಿಗೂ ಅಂಟಿಕೊಂಡಿತು.

1932ರಲ್ಲಿ, ಸಾಲ ಕೊಟ್ಟಿದ್ದ ವರ್ತಕನೊಬ್ಬ ಸತ್ತ ನಂತರ, ಬಾಕಿ ವಸೂಲಿಗೆ ಬಂದವರು ದನಕರು, ಬಂಡಿ, ಸಲಕರಣೆ, ಕೂಡಿಟ್ಟ ಕಾಳುಕಡ್ಡಿ ಎಲ್ಲವನ್ನೂ ಹೊತ್ತೊಯ್ದರು. ಮುಂದೆ ಕೇಂದ್ರ ಸರ್ಕಾರ ಆ ಜಮೀನನ್ನು ಕೊಂಡು ಕುಟುಂಬಗಳಿಗೆ ಸುಲಭ ಸಾಲದಲ್ಲಿ ಹಂಚಿತು. 1937ರಲ್ಲಿ ಛಾಯಾಗ್ರಾಹಕ ಆರ್ಥರ್ ರಾತ್‌ಸ್ಟೀನ್ ತೆಗೆದ ಚಿತ್ರಗಳಲ್ಲಿ, ಬಿರುಕುಗಳನ್ನು ಮುಚ್ಚಲು ಗೋಡೆಗೆಲ್ಲ ಪತ್ರಿಕೆಯ ಹಾಳೆ ಅಂಟಿಸಿದ ಮರದ ಮನೆಗಳನ್ನು ಕಾಣಬಹುದು.

ಅಂಥ ಮನೆಯಲ್ಲಿ ಕ್ವಿಲ್ಟ್ ಅಲಂಕಾರದ ವಸ್ತುವಲ್ಲ, ಚಳಿಯಿಂದ ಜೀವ ಉಳಿಸುವ ವಸ್ತು. ಹೊಲದಲ್ಲಿ ಸವೆದ ಪ್ಯಾಂಟು, ಅಂಗಿ, ಹಿಟ್ಟಿನ ಚೀಲ, ಎಲ್ಲವೂ ಅದಕ್ಕೆ ಸೇರುತ್ತಿದ್ದವು. ಬೆಳೆ ಬಂದು ಹೊಲ ಬರಿದಾದ ಮೇಲೆ ಹೊಲಿಗೆಯ ಕಾಲ. ಮಂಡಿ ತಾಗುವಲ್ಲಿ ಮಾಸಿ, ಜೇಬು ಹರಿದಲ್ಲಿ ಗಾಢವಾಗಿ ಉಳಿದ ನೀಲಿ ಬಣ್ಣವೇ ಅಲ್ಲಿ ವಿನ್ಯಾಸವಾಯಿತು.

1960ರ ದಶಕದಲ್ಲಿ ಮತದಾನದ ಹಕ್ಕಿಗಾಗಿ ಹೋರಾಟ ಎದ್ದಾಗ ಜೀಸ್ ಬೆಂಡ್ ಹಿಂದೆ ಉಳಿಯಲಿಲ್ಲ. ಜಿಲ್ಲಾ ಕೇಂದ್ರವಾದ ಕ್ಯಾಮ್ಡನ್‌ಗೆ ಹೋಗಿ ಮತದಾರರಾಗಿ ಹೆಸರು ಬರೆಸಬೇಕೆಂದರೆ ನದಿ ದಾಟಬೇಕಿತ್ತು. 1962ರಲ್ಲಿ ಅಧಿಕಾರಿಗಳು ದೋಣಿ ಸೇವೆಯನ್ನೇ ನಿಲ್ಲಿಸಿದರು. ಸಮೀಪದ ಊರು ಸುತ್ತುಹಾದಿಯಲ್ಲಿ ಒಂದು ತಾಸಿಗೂ ದೂರವಾಯಿತು. 1965ರ ಫೆಬ್ರುವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆ ಹಳ್ಳಿಗೆ ಬಂದು ಮಾತನಾಡಿದರು. ಹೆಸರು ಬರೆಸಲು ಹೋದ ಕೆಲವರು ಕೆಲಸ ಕಳೆದುಕೊಂಡರು, ಕೆಲವರು ನೆಲೆ ಕಳೆದುಕೊಂಡರು.

ಆಗ ಆಸರೆಯಾದದ್ದು ಸೂಜಿ. ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿಯ ನೆರವಿನಿಂದ 1966ರಲ್ಲಿ ಆ ಭಾಗದ ಹೆಂಗಸರು 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘ ಕಟ್ಟಿದರು. ಅವರ ಕ್ವಿಲ್ಟ್‌ಗಳು ನ್ಯೂಯಾರ್ಕಿನಲ್ಲಿ ಹರಾಜಾದವು. 1972ರಲ್ಲಿ ಸಿಯರ್ಸ್ ಕಂಪೆನಿಯಿಂದ ದಿಂಬಿನ ಹೊದಿಕೆಗಳ ಗುತ್ತಿಗೆ ಸಿಕ್ಕಿತು. ಬೇರೆಡೆಯಿಂದ ಒಕ್ಕಲೆಬ್ಬಿಸಿದ ಕೆಲವು ಕುಟುಂಬಗಳಿಗೆ ಸಂಘ ತಾನು ಕೊಂಡ ಜಮೀನಿನಲ್ಲಿ ನಿವೇಶನ ಕೊಟ್ಟಿತು. ಬಿಡುವಿನ ಕೂಟ ಅಲ್ಲಿ ಸ್ವಂತ ದುಡಿಮೆಯ ದಾರಿಯಾಗಿತ್ತು. ಸಂಘ 2012ರಲ್ಲಿ ಮುಚ್ಚಿತು. ಆದರೆ ಅದಕ್ಕೂ ಮುಂಚೆ, 2002ರಲ್ಲಿ, ಜೀಸ್ ಬೆಂಡ್‌ನ ಕ್ವಿಲ್ಟ್‌ಗಳು ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲೂ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲೂ ಗೋಡೆಯೇರಿದವು. 2006ರಲ್ಲಿ ಅವು ಅಂಚೆ ಚೀಟಿಗಳಾದವು. ನಿಂತಿದ್ದ ದೋಣಿ ಮತ್ತೆ ಆರಂಭವಾದದ್ದೂ ಅದೇ ವರ್ಷ, 44 ವರ್ಷಗಳ ಬಳಿಕ.

ನಮ್ಮ ಹಳ್ಳದ ದಂಡೆ

ಕರ್ನಾಟಕದಲ್ಲಿ ಈ ಕಥೆಗೆ ಹತ್ತಿರದ ಚಿತ್ರಗಳಿವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಮಕ್ಕಳ ಲಂಗ, ಕುಪ್ಪಸದ ಖಣ ಎಲ್ಲವೂ ಕೊನೆಗೆ ಸೇರುವುದು ಕೌದಿಗೆ. ಸುಗ್ಗಿ ಮುಗಿದು ಬೇಸಿಗೆ ಬಂದಾಗ ಅಂಗಳದಲ್ಲೋ ಮಾಳಿಗೆಯ ಮೇಲೋ ಅದನ್ನು ಹಾಸಿ, ಓಣಿಯ ಹೆಂಗಸರು ಸುತ್ತ ಕೂತು ದಾರ ಓಡಿಸುತ್ತಿದ್ದರು. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆಯನ್ನೆಲ್ಲ ಬಂಡಿಗೆ ಹೇರಿ ಹಳ್ಳಕ್ಕೆ ಒಯ್ಯುವುದು ಮತ್ತೊಂದು ಸಂಭ್ರಮ. ಕೌದಿಗಳನ್ನು ಬಡಿದು ಒಗೆದು ಬಂಡೆಗಳ ಮೇಲೆ ಹರವಿ, ಅವು ಒಣಗುವವರೆಗೆ ಬುತ್ತಿ ಬಿಚ್ಚಿ ಉಂಡು, ನೀರಿನಲ್ಲಿ ಆಡಿ ಮನೆಗೆ ಮರಳುತ್ತಿದ್ದರು. ಹೊಲಿಗೆಯೂ ಹೊರಸಂಚಾರವೂ ಅಲ್ಲಿ ಬೇರೆ ಬೇರೆಯಾಗಿರಲಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಬದುಕುವ ಸಿದ್ದಿ ಜನಾಂಗದ ಹೆಂಗಸರೂ ಇಂಥ ಹೊದಿಕೆ ಹೊಲಿಯುತ್ತಾರೆ; ಅದನ್ನು ಕವಂದಿ ಎನ್ನುತ್ತಾರೆ. ಆಫ್ರಿಕ ಮೂಲದ ಈ ಜನರ ಪೂರ್ವಜರಲ್ಲಿ ಬಹಳಷ್ಟು ಮಂದಿ ಗುಲಾಮರಾಗಿ ಗೋವೆಗೆ ಬಂದವರು. 2003ರಲ್ಲಿ ಇಲ್ಲಿನ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಕವಂದಿಗೆ ಚೌಕಟ್ಟು ಬೇಕಿಲ್ಲ. ಅಂಚಿನಿಂದ ಆರಂಭಿಸಿ, ತುಂಡುಗಳನ್ನು ಇಡುತ್ತ, ಸುತ್ತು ಸುತ್ತಾಗಿ ಹೊಲಿದು ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆ ಮಡಿಸಿ 'ಫೂಲ' ಎಂಬ ಹೂ ಕೂಡಿಸದಿದ್ದರೆ ಕವಂದಿ ಪೂರ್ಣವಾಗದು.

ಈ ಕವಂದಿಗಳನ್ನು ಅಧ್ಯಯನ ಮಾಡಿದ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವನ್ನು ಹೊರಜಗತ್ತಿಗೆ ಪರಿಚಯಿಸಿದರು. ಸಿದ್ದಿಯರ ಕವಂದಿಯನ್ನೂ ಜೀಸ್ ಬೆಂಡ್‌ನ ಕ್ವಿಲ್ಟನ್ನೂ ಪಕ್ಕಪಕ್ಕದಲ್ಲಿಟ್ಟರೆ ಗಾಢ ಬಣ್ಣ, ಅಳತೆಗೆ ಅಂಜದ ತುಂಡುಗಳು ಕಣ್ಣಿಗೆ ಹೊಡೆಯುತ್ತವೆ. ಹಾಗೆಂದು ಎರಡಕ್ಕೂ ಒಂದೇ ಆಫ್ರಿಕದ ಬೇರು ಎಂದು ಅವಸರದಲ್ಲಿ ತೀರ್ಮಾನಿಸುವಂತಿಲ್ಲ. ಸಿದ್ದಿಗಳ ಪೂರ್ವಜರು ಹೆಚ್ಚಾಗಿ ಪೂರ್ವ ಆಫ್ರಿಕದವರು, ಅಮೆರಿಕದ ಕರಿಯರ ಹಿರಿಯರು ಹೆಚ್ಚಾಗಿ ಪಶ್ಚಿಮ ಮತ್ತು ಮಧ್ಯ ಆಫ್ರಿಕದವರು. ಕೌದಿಯಂತೂ ಸಿದ್ದಿಗಳ ನೆರೆಹೊರೆಯಲ್ಲೇ ಇದೆ. ಹಳೆಯ ಬಟ್ಟೆ, ಚಳಿಯ ರಾತ್ರಿ ಮತ್ತು ಬಡತನ ಮೂರೂ ಸೇರಿದಲ್ಲಿ ಬೇರೆ ಬೇರೆ ಕೈಗಳು ಒಂದೇ ತೆರನ ಉತ್ತರ ಕಂಡುಕೊಂಡಿರಲೂಬಹುದು.

ಒಂದೇ ಚೌಕಟ್ಟು, ಹತ್ತು ಯಂತ್ರ

1851ರಲ್ಲಿ ಐಸಾಕ್ ಸಿಂಗರ್ ಪೇಟೆಂಟ್ ಪಡೆದ ಹೊಲಿಗೆ ಯಂತ್ರ ಮನೆಮನೆಗೂ ಬಂದ ಮೇಲೆ ಬಟ್ಟೆ ಜೋಡಿಸುವುದು ಸುಲಭವಾಯಿತು. ಅಂಗಡಿಯಲ್ಲಿ ಕಂಬಳಿ ಅಗ್ಗವಾದ ಮೇಲೆ ಕ್ವಿಲ್ಟ್‌ನ ಅಗತ್ಯವೇ ಕುಗ್ಗಿತು. 1971ರಲ್ಲಿ ವಿಟ್ನಿ ಸಂಗ್ರಹಾಲಯ ಹಳೆಯ ಕ್ವಿಲ್ಟ್‌ಗಳನ್ನು ಚಿತ್ರಕಲೆಯಂತೆ ಗೋಡೆಗೆ ತೂಗುಹಾಕಿದ ಪ್ರದರ್ಶನ, 1976ರಲ್ಲಿ ಬಂದ ಅಮೆರಿಕ ಸ್ವಾತಂತ್ರ್ಯದ ದ್ವಿಶತಮಾನೋತ್ಸವ, ಇವು ಈ ಕಲೆಗೆ ಮರುಜೀವ ಕೊಟ್ಟವು. ಇಂದಿನ ವಾರಾಂತ್ಯದ ಕೂಟಗಳು ಬೆಳೆದದ್ದು ಆ ಅಲೆಯ ಹಿಂದೆಯೇ.

ಬೀ ಮತ್ತು ರಿಟ್ರೀಟ್ ಎರಡರಲ್ಲೂ ಗೆಳತಿಯರಿದ್ದಾರೆ, ಅಡುಗೆಯಿದೆ, ನಗೆಯಿದೆ. ಆದರೆ ಬೀಯಲ್ಲಿ ಎಲ್ಲರೂ ಒಬ್ಬಳ ಕ್ವಿಲ್ಟನ್ನು ಹೊಲಿಯುತ್ತಿದ್ದರು. ರಿಟ್ರೀಟ್‌ನಲ್ಲಿ ಬಹುಮಟ್ಟಿಗೆ ಪ್ರತಿಯೊಬ್ಬಳೂ ತನ್ನ ಯಂತ್ರದಲ್ಲಿ ತನ್ನದನ್ನು ಹೊಲಿಯುತ್ತಾಳೆ. ಹಿಂದಿನವರು ದಿನವೆಲ್ಲ ಬಯಲಿನಲ್ಲಿ ದುಡಿದು ಹೊಲಿಗೆಯಲ್ಲಿ ನೆಮ್ಮದಿ ಕಂಡರು. ದಿನವೆಲ್ಲ ನಾಲ್ಕು ಗೋಡೆಗಳ ನಡುವೆ ಕೂರುವ ಇಂದಿನವರು ಹೊಲಿಗೆಯ ನೆಪದಲ್ಲಿ ಬಯಲನ್ನು ಹುಡುಕಿಕೊಂಡು ಹೋಗುತ್ತಾರೆ. ಹಾಗಾಗಿ, ಹೊಲಿಯುವುದೋ ತಿರುಗಾಡುವುದೋ ಎಂಬ ಪ್ರಶ್ನೆಗೆ ಚರಿತ್ರೆ ಸಿದ್ಧ ಉತ್ತರ ಕೊಡುವುದಿಲ್ಲ. ಆದರೆ ಹಳ್ಳದ ಬಂಡೆಯ ಮೇಲೆ ಕೌದಿ ಒಣಗಲು ಬಿಟ್ಟು ಬುತ್ತಿ ಬಿಚ್ಚಿದವರಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ.