ಬೆಂಗಳೂರಲ್ಲಿ ಬಾಡಿಗೆ ಬೈಕ್: ನಿಮಿಷದ ಲೆಕ್ಕದ್ದಾ, ದಿನದ ಲೆಕ್ಕದ್ದಾ? ಜಿಲ್ಲೆಯಿಂದ ಹೋಗೋರು ಇದನ್ನ ನೋಡ್ಕೊಳ್ಳಿ

ತುಮಕೂರು: ಬೆಳಿಗ್ಗೆ ರೈಲಲ್ಲಿ ಹೋಗಿ ಯಶವಂತಪುರದಲ್ಲಿ ಇಳಿಯೋರು, ಬಸ್ಸಲ್ಲಿ ಹೋಗಿ ಮಾದಾವರ ಇಲ್ಲವೇ ನಾಗಸಂದ್ರದಲ್ಲಿ ಮೆಟ್ರೋ ಹತ್ತೋರು ನಮ್ಮ ಜಿಲ್ಲೆಯಲ್ಲಿ ಕಮ್ಮಿ ಇಲ್ಲ. ತೊಂದರೆ ಇರೋದು ಮೆಟ್ರೋ ಇಳಿದ ಮೇಲೆ. ಆಫೀಸು ಇನ್ನೂ ಎರಡು ಮೂರು ಕಿ.ಮೀ. ದೂರ ಇರುತ್ತೆ, ಆಟೋದವರು ಹೇಳೋ ರೇಟು ಕೇಳಿದ್ರೆ ನಡೆದೇ ಹೋಗೋಣ ಅನ್ಸುತ್ತೆ. ಹೀಗಾಗಿ ಹುಡುಗ್ರು ಬಾಡಿಗೆ ಬೈಕಿನ ಆ್ಯಪ್ ಹಾಕ್ಕೊಳ್ತಾರೆ. ಆದ್ರೆ ಬರೀ ರೇಟ್ ನೋಡಿ ಆರಿಸಿದ್ರೆ ಕೈ ಸುಡುತ್ತೆ. ಗಾಡಿ ಎಷ್ಟು ಹೊತ್ತು ನಿಮ್ಮ ಹತ್ರ ಇರುತ್ತೆ, ಅದನ್ನ ಎಲ್ಲಿ ಬಿಡ್ತೀರಿ ಅನ್ನೋದು ಮುಖ್ಯ.

ಯೂಲು ನಿಮಿಷದ ಲೆಕ್ಕದ್ದು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಲಾಕ್ ತೆಗೆಯುತ್ತೆ. ಗಂಟೆಗೆ 25 ಕಿ.ಮೀ. ಮೀರದ, ಕಡಿಮೆ ಶಕ್ತಿಯ ಎಲೆಕ್ಟ್ರಿಕ್ ಗಾಡಿ ಆಗಿರೋದ್ರಿಂದ ಡಿ.ಎಲ್. ಬೇಕಿಲ್ಲ. ಮೆಟ್ರೋದಿಂದ ಆಫೀಸಿಗೆ ಹೋಗೋಕೆ ಇದೇ ಸರಿ. ಆದ್ರೆ ಆ್ಯಪಲ್ಲಿ ತೋರಿಸೋ ಜಾಗದಲ್ಲೇ ಬಿಡಬೇಕು, ಬೇರೆ ಕಡೆ ಬಿಟ್ರೆ ದಂಡ ಬೀಳುತ್ತೆ. ಮುಂಚೆ ಬೌನ್ಸ್ ಸ್ಕೂಟರ್ ಕಂಡ ಕಂಡಲ್ಲಿ ಬಿಟ್ಟು ಹೋಗ್ತಿದ್ದೋರು ಇಲ್ಲೇ ಎಡವೋದು. ಆಫೀಸ್ ಹತ್ರ ಆ ಜಾಗ ಇದೆಯಾ ಅಂತ ಹಿಂದಿನ ದಿನವೇ ಮ್ಯಾಪಲ್ಲಿ ನೋಡ್ಕೊಳ್ಳಿ. ರೈಡ್ ಮುಗಿಸದೆ ಸಂಜೆವರೆಗೂ ಇಟ್ಕೊಂಡ್ರಂತೂ ಕಥೆ ಮುಗೀತು. ನಿಮಿಷಕ್ಕೆ 2 ರೂ. ಅಂತ ಇಟ್ಕೊಳ್ಳಿ, 9 ಗಂಟೆಗೆ 1,080 ರೂ. ಆಗುತ್ತೆ. ಇನ್ನೊಂದು ಮಾತು, ಪೀಣ್ಯ ಕಡೆ ಲಾರಿಗಳ ಮಧ್ಯೆ 25ರ ಸ್ಪೀಡಲ್ಲಿ ಹೋಗೋ ಸಾಹಸ ಬೇಡ.

ದಿನವಿಡೀ ಸುತ್ತೋ ಕೆಲಸ ಇದ್ರೆ, ಇಲ್ಲವೇ ಎರಡು ಮೂರು ಕಡೆ ಇಂಟರ್‌ವ್ಯೂ ಇದ್ರೆ, ರಾಯಲ್ ಬ್ರದರ್ಸ್ ಥರದ ದಿನದ ಬಾಡಿಗೆ ಬೈಕೇ ಅಗ್ಗ. ಇದಕ್ಕೆ ಡಿ.ಎಲ್. ಬೇಕೇ ಬೇಕು. ಡಿ.ಎಲ್. ಇಲ್ಲದೆ ಸಿಕ್ಕಿಬಿದ್ರೆ ಕಾನೂನಿನಲ್ಲಿ ದಂಡ 5,000 ರೂ.ವರೆಗೂ ಇದೆ. ಬಾಡಿಗೆಯಲ್ಲಿ ಪೆಟ್ರೋಲ್ ಸೇರಿದೆಯಾ, ಎಷ್ಟು ಕಿ.ಮೀ. ಫ್ರೀ, ಹಿಂದೆ ಕೂರೋರಿಗೂ ಹೆಲ್ಮೆಟ್ ಕೊಡ್ತಾರಾ ಅಂತ ಕೇಳಿ.

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ನಂಬರ್ ಪ್ಲೇಟು. ಬಾಡಿಗೆಗೆ ಕೊಡೋಕೆ ಪರ್ಮಿಟ್ ಇರೋ ಪೆಟ್ರೋಲ್ ಗಾಡಿಗೆ ಕಪ್ಪು ಪ್ಲೇಟು, ಹಳದಿ ಅಕ್ಷರ ಇರುತ್ತೆ. ಪಿ.ಜಿ. ಪಕ್ಕದ ಅಂಗಡಿಯವರು 'ನಮ್ದೇ ಗಾಡಿ, ಕಮ್ಮಿಗೆ ಕೊಡ್ತೀನಿ' ಅಂತ ವೈಟ್ ಬೋರ್ಡ್ ಬೈಕ್ ಕೊಟ್ರೆ ತಗೋಬೇಡಿ. ಸ್ವಂತ ಬಳಕೆಗೆ ಅಂತ ಮಾಡಿಸಿದ ಇನ್ಶೂರೆನ್ಸು ಅದು. ಬಾಡಿಗೆಗೆ ಓಡ್ತಿದ್ದಾಗ ಅಪಘಾತ ಆದ್ರೆ ಕ್ಲೇಮ್ ತಿರಸ್ಕರಿಸಬಹುದು. ಆಮೇಲೆ ಆಸ್ಪತ್ರೆ ಖರ್ಚು, ಎದುರಿನವರ ಪರಿಹಾರ ಎಲ್ಲಾ ಮನೆಯವರ ತಲೆ ಮೇಲೆ ಬರುತ್ತೆ. ನೂರಿನ್ನೂರು ಉಳಿಸೋಕೆ ಹೋಗಿ ಜಮೀನು ಅಡ ಇಡೋ ಹಂಗಾಗಬಾರದು.

ಡೆಪಾಸಿಟ್ ವಿಷಯದಲ್ಲಿ ನಾನೇ ಏಮಾರಿದ್ದೀನಿ. ಒಂದು ಕಡೆ ಬೈಕ್ ವಾಪಸ್ ಕೊಟ್ಟಾಗ ಸೈಲೆನ್ಸರ್ ಹತ್ರ ಗೀರು ತೋರಿಸಿ 700 ರೂ. ಹಿಡ್ಕೊಂಡ್ರು. ಮೊದಲೇ ಇತ್ತು ಅಂದೆ, ಫೋಟೋ ಎಲ್ಲಿ ಅಂದ್ರು. ಇರಲಿಲ್ಲ. ಈಗ ಕೀ ಕೈಗೆ ಬಂದ ಕೂಡ್ಲೇ ಗಾಡಿ ಸುತ್ತ ವೀಡಿಯೋ ಮಾಡಿ, ಮೀಟರ್ ರೀಡಿಂಗೂ ತೆಗೆದು, ಅಲ್ಲೇ ಅವರ ವಾಟ್ಸ್ಆ್ಯಪಿಗೆ ಕಳಿಸ್ತೀನಿ.

ಅಂಗಡಿ ಎಷ್ಟು ಗಂಟೆಗೆ ಬಾಗಿಲು ಹಾಕ್ತಾರೆ ಅಂತಲೂ ಕೇಳಿಟ್ಕೊಳ್ಳಿ. ಸಂಜೆ ಗೊರಗುಂಟೆಪಾಳ್ಯದ ಟ್ರಾಫಿಕ್ಕಲ್ಲಿ ಸಿಕ್ಕಿ ಲೇಟಾದ್ರೆ ಇನ್ನೊಂದು ದಿನದ ಬಾಡಿಗೆ ಕಟ್ಟಬೇಕಾಗುತ್ತೆ, ಊರಿನ ರೈಲೂ ತಪ್ಪುತ್ತೆ.